ಮಾಜಿ ಸೈನಿಕರಿಗೆ ಇಸಿಎಚ್‌ಎಸ್ ಇದ್ದ ಮೇಲೂ ಖಾಸಗಿ ವಿಮೆ ಬೇಕೆ?

ಮಿಲಿಟರಿ ಪಿಂಚಣಿ ಬರುವ ಮನೆಗೆ ವಿಮೆ ಏಜೆಂಟರು ಬಂದರೆ ಹೆಚ್ಚಾಗಿ ಹೇಳುವ ಮಾತು ಒಂದೇ: ‘ನಿಮ್ಮ ಸರ್ಕಾರಿ ಕಾರ್ಡು ಸಮಯಕ್ಕೆ ಆಗೋದಿಲ್ಲ ಸಾಹೇಬರೆ, ಒಂದು ಪಾಲಿಸಿ ಮಾಡಿಟ್ಟುಬಿಡಿ.’ ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ತಿಳಿಯದೆ ಸಹಿ ಹಾಕಿದರೆ ವರ್ಷವರ್ಷವೂ ಪ್ರೀಮಿಯಂ ಕಟ್ಟಿ, ಕೊನೆಗೆ ಆಸ್ಪತ್ರೆಯ ಕೌಂಟರಿನಲ್ಲಿ ಮತ್ತೆ ಕೈಯಿಂದ ಹಣ ಕಟ್ಟಬೇಕಾದೀತು.

ಮೊದಲು ಸರ್ಕಾರಿ ಕಾರ್ಡಿನ ವಿಷಯ. ಮಾಜಿ ಸೈನಿಕರ ಅಂಶದಾಯಿ ಆರೋಗ್ಯ ಯೋಜನೆ, ಅಂದರೆ ಎಲ್ಲರ ಬಾಯಲ್ಲಿರುವ ಇಸಿಎಚ್‌ಎಸ್, 2003ರ ಏಪ್ರಿಲ್ 1ರಂದು ಶುರುವಾಯಿತು. ಆ ದಿನದ ನಂತರ ಪಿಂಚಣಿಯೊಂದಿಗೆ ನಿವೃತ್ತರಾದವರಿಗೆ ಇದು ಕಡ್ಡಾಯ. ಮೊದಲೇ ಮನೆಗೆ ಬಂದವರಿಗೆ ಅವರವರ ಇಚ್ಛೆ. ಹಣ ಕಟ್ಟುವುದು ಒಂದೇ ಸಲ. 2017ರ ಡಿಸೆಂಬರಿನಲ್ಲಿ ಪರಿಷ್ಕರಿಸಿದ ದರದಂತೆ ರಿಕ್ರೂಟ್‌ನಿಂದ ಹವಾಲ್ದಾರ್‌ವರೆಗೆ 30,000 ರೂ., ನಾಯಬ್ ಸುಬೇದಾರ್‌ನಿಂದ ಸುಬೇದಾರ್ ಮೇಜರ್‌ವರೆಗೆ 67,000 ರೂ., ಅಧಿಕಾರಿಗಳಿಗೆ 1,20,000 ರೂ. ಯುದ್ಧದಲ್ಲಿ ಮಡಿದವರ ಪತ್ನಿಯರೂ 1996ಕ್ಕೆ ಮೊದಲು ಪಿಂಚಣಿ ಪಡೆದವರೂ ಈ ಹಣ ಕಟ್ಟಬೇಕಿಲ್ಲ.

ಇಲ್ಲಿ ಬಹಳ ಜನ ಗಮನಿಸದ ಸಂಗತಿ ಒಂದಿದೆ. ಇಸಿಎಚ್‌ಎಸ್‌ನಲ್ಲಿ ‘ಕೋ-ಪೇ’ ಎಂಬುದಿಲ್ಲ. ಪಾಲಿಕ್ಲಿನಿಕ್ಕಿನ ಡಾಕ್ಟರು ಚೀಟಿ ಬರೆದು ಒಪ್ಪಂದದ ಆಸ್ಪತ್ರೆಗೆ ಕಳಿಸಿದರೆ, ನಿಗದಿತ ಪ್ಯಾಕೇಜಿನ ಚಿಕಿತ್ಸೆಗೆ ರೋಗಿ ಶೇಕಡಾ ಇಷ್ಟು ಎಂದು ಪಾಲು ಕೊಡಬೇಕಾಗಿಲ್ಲ. ಬಿಲ್ಲು ಆಸ್ಪತ್ರೆಗೂ ಸರ್ಕಾರಕ್ಕೂ ಬಿಟ್ಟದ್ದು. ವಯಸ್ಸು ಎಷ್ಟೇ ಆಗಿರಲಿ, ಸಕ್ಕರೆ ಕಾಯಿಲೆ ಎಷ್ಟೇ ಹಳೆಯದಿರಲಿ, ಕಾಯುವ ಅವಧಿಯೂ ಇಲ್ಲ. ಸೈನಿಕ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಪಡೆಯುವ ಪತ್ನಿಗೂ ಕಾರ್ಡು ಮುಂದುವರಿಯುತ್ತದೆ. 70 ದಾಟಿದ ಮನುಷ್ಯನಿಗೆ ಇಂಥ ಪಾಲಿಸಿ ಪೇಟೆಯಲ್ಲಿ ಸಿಗುವುದು ಕಷ್ಟ.

ಹಾಗೆಂದು ಎಲ್ಲವೂ ಪುಕ್ಕಟೆ ಅಲ್ಲ. ಕಾರ್ಡು ಪಡೆದವರಿಗೆ ತಿಂಗಳಿಗೆ 1,000 ರೂ.ಗಳ ನಿಶ್ಚಿತ ವೈದ್ಯಕೀಯ ಭತ್ಯೆ ಸಿಗುವುದಿಲ್ಲ. ಹವಾಲ್ದಾರರವರೆಗಿನವರಿಗೆ ಜನರಲ್ ವಾರ್ಡು, ಜೆಸಿಓಗಳಿಗೆ ಸೆಮಿ-ಪ್ರೈವೇಟ್ ವಾರ್ಡು. ಇದಕ್ಕಿಂತ ಮೇಲಿನ ಕೊಠಡಿ ಬೇಕೆಂದರೆ ವ್ಯತ್ಯಾಸದ ಹಣ ಮನೆಯವರದ್ದೇ. ಆಸ್ಪತ್ರೆಗಳಿಗೆ ಬಿಲ್ಲಿನ ಹಣ ತಡವಾಗಿ ಬರುತ್ತದೆಂಬ ದೂರು ಹಳೆಯದು. ಸಿಜಿಎಚ್‌ಎಸ್ ದರ ಬಹಳ ಕಡಿಮೆ ಎಂದು ಆಸ್ಪತ್ರೆಗಳು ವರ್ಷಗಟ್ಟಲೆ ಗೊಣಗಿದ ಮೇಲೆ 2025ರ ಅಕ್ಟೋಬರಿನಲ್ಲಿ ಆ ದರಗಳ ದೊಡ್ಡ ಪರಿಷ್ಕರಣೆ ಆಯಿತು.

ಗಡಿಯ ಹಳ್ಳಿಗಳಿಗೆ ನಿಜವಾದ ತೊಂದರೆ ದೂರದ್ದು. ಜತ್ತ ತಾಲೂಕಿನ ಒಳಗಿನ ಹಳ್ಳಿಯಿಂದ ಪಾಲಿಕ್ಲಿನಿಕ್ ಇರುವ ಪೇಟೆಗೆ ಹೋಗಿ ಬರುವುದೆಂದರೆ ಒಂದು ದಿನದ ಕೆಲಸ. ಮಂಜೇಶ್ವರದವರಿಗೆ ಮಂಗಳೂರೇ ಹತ್ತಿರ. ಇಸಿಎಚ್‌ಎಸ್ ಕೇಂದ್ರದ ಯೋಜನೆ, ರಾಜ್ಯದ ಗಡಿ ಅದಕ್ಕೆ ಲೆಕ್ಕವಿಲ್ಲ. ರಾಜ್ಯಗಳ ಆರೋಗ್ಯ ಕಾರ್ಡುಗಳಂತೆ ‘ನೀವು ಆಚೆಯವರು’ ಎಂದು ಹೇಳಿ ವಾಪಸು ಕಳಿಸುವಂತಿಲ್ಲ. ಆದರೆ ಕಾರ್ಡಿಗೆ ಇಲ್ಲದ ಗಡಿ ರಸ್ತೆಗೆ ಬರಬಹುದು. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಪಟ್ಟ ಪಾಡನ್ನು ಆ ಕಡೆಯವರು ಮರೆತಿಲ್ಲ.

ತುರ್ತು ಸ್ಥಿತಿಯಲ್ಲಿ ಚೀಟಿಗಾಗಿ ಓಡಬೇಕಿಲ್ಲ. ಒಪ್ಪಂದದ ಆಸ್ಪತ್ರೆಯಾದರೆ ನೇರ ಹೋಗಿ ಕಾರ್ಡು ತೋರಿಸಿದರೆ ಸಾಕು. ಒಪ್ಪಂದ ಇಲ್ಲದ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ 48 ಗಂಟೆಯೊಳಗೆ ಹತ್ತಿರದ ಪಾಲಿಕ್ಲಿನಿಕ್ಕಿಗೆ ತಿಳಿಸಬೇಕು. ಮೊದಲು ಹಣ ಕಟ್ಟಿ, ಬಿಲ್ಲು ಕೊಟ್ಟು ಆಮೇಲೆ ವಾಪಸು ಪಡೆಯಬೇಕು. ಆದರೆ ವಾಪಸು ಬರುವುದು ಸಿಜಿಎಚ್‌ಎಸ್ ದರಕ್ಕೆ ಮಾತ್ರ. ಆಸ್ಪತ್ರೆ 2 ಲಕ್ಷ ತೆಗೆದುಕೊಂಡು, ಸರ್ಕಾರದ ದರ 1 ಲಕ್ಷ 20 ಸಾವಿರ ಇದ್ದರೆ ಉಳಿದ 80 ಸಾವಿರ ಹೋದಂತೆಯೇ. ಹೆಸರು ಕೋ-ಪೇ ಅಲ್ಲದಿದ್ದರೂ ಜೇಬಿಗೆ ಬೀಳುವ ಪೆಟ್ಟು ಅದೇ.

ಇನ್ನು ಖಾಸಗಿ ಪಾಲಿಸಿ. ಅದರಲ್ಲಿ ಕೋ-ಪೇ ಎಂದರೆ ಪ್ರತಿ ಬಿಲ್ಲಿನಲ್ಲೂ ಪಾಲಿಸಿದಾರ ಕೊಡಬೇಕಾದ ಪಾಲು. ಹಿರಿಯರ ಪಾಲಿಸಿಗಳಲ್ಲಿ ಇದು ಸಾಮಾನ್ಯ. ಶೇ. 20 ಎಂದು ಬರೆದಿದ್ದರೆ 1 ಲಕ್ಷದ ಬಿಲ್ಲಿಗೆ 20 ಸಾವಿರ ಮನೆಯಿಂದ ಹೋಗಬೇಕು. ಪ್ರೀಮಿಯಂ ಬೇರೆ.

ಇದಕ್ಕಿಂತ ಮೋಸ ಹೋಗುವ ಜಾಗ ಕೊಠಡಿ ಬಾಡಿಗೆ. 3 ಲಕ್ಷದ ಪಾಲಿಸಿಗೆ ದಿನಕ್ಕೆ ಶೇ. 1, ಅಂದರೆ 3,000 ರೂ. ಮಿತಿ ಇದೆ ಎನ್ನೋಣ. ಮಗ ‘ಅಪ್ಪನಿಗೆ ಒಳ್ಳೆ ರೂಮು ಇರಲಿ’ ಎಂದು 6,000 ರೂ. ಕೊಠಡಿ ಹಿಡಿದರೆ ಬಾಡಿಗೆಯ ವ್ಯತ್ಯಾಸ ಮಾತ್ರ ಕೊಟ್ಟರೆ ಮುಗಿಯಲಿಲ್ಲ. ಡಾಕ್ಟರ ಫೀಸು, ಆಪರೇಷನ್ ಥಿಯೇಟರಿನ ಖರ್ಚು ಇವುಗಳಲ್ಲೂ ಅರ್ಧ ಕಡಿತವಾಗಬಹುದು. ಔಷಧ, ಇಂಪ್ಲಾಂಟ್, ಲ್ಯಾಬ್ ಪರೀಕ್ಷೆಗಳ ಖರ್ಚಿಗೆ ಹೀಗೆ ಕತ್ತರಿ ಹಾಕುವಂತಿಲ್ಲ. ಕೊಠಡಿಯ ಸಂತೋಷ ಎರಡು ದಿನದ್ದು, ಸಾಲ ವರ್ಷದ್ದು!

ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 2024ರ ಏಪ್ರಿಲಿನಿಂದ ಹೆಚ್ಚೆಂದರೆ 36 ತಿಂಗಳು. ಹಿಂದೆ 48 ಇತ್ತು. ಬಿ.ಪಿ., ಸಕ್ಕರೆ ಇದ್ದದ್ದನ್ನು ಏಜೆಂಟರ ಮಾತು ಕೇಳಿ ಮುಚ್ಚಿಟ್ಟರೆ ಕ್ಲೇಮು ತಿರಸ್ಕಾರವಾಗುವ ದಾರಿ ಅದೇ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ. 18 ಜಿಎಸ್‌ಟಿ ತೆಗೆದಿದ್ದಾರೆ, ಅಷ್ಟು ಹಗುರವಾಗಿದೆ.

ಎರಡೂ ಇದ್ದರೆ? ಒಂದೇ ಬಿಲ್ಲಿಗೆ ಎರಡು ಕಡೆ ಪೂರ್ತಿ ಹಣ ಎತ್ತುವಂತಿಲ್ಲ. ಯಾವುದರ ಮೇಲೆ ಚಿಕಿತ್ಸೆ ಎಂದು ಆಸ್ಪತ್ರೆ ಸೇರುವಾಗಲೇ ಹೇಳುವುದು ಲೇಸು. ಮೂಲ ಬಿಲ್ಲುಗಳು ಒಂದು ಕಡೆ ಹೋಗಿಬಿಡುತ್ತವೆ, ಆದ್ದರಿಂದ ದೃಢೀಕರಿಸಿದ ನಕಲು ಇಟ್ಟುಕೊಳ್ಳಬೇಕು. 70 ದಾಟಿದವರಿಗಾಗಿ 2024ರ ಅಕ್ಟೋಬರಿನಲ್ಲಿ ಬಂದ 5 ಲಕ್ಷದ ಆಯುಷ್ಮಾನ್ ಕಾರ್ಡಿನ ವಿಷಯವೂ ಕೇಳಿಬರುತ್ತದೆ. ಖಾಸಗಿ ವಿಮೆ ಇದ್ದವರು ಅದನ್ನೂ ಪಡೆಯಬಹುದು. ಇಸಿಎಚ್‌ಎಸ್ ಇದ್ದವರು ಮಾತ್ರ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಯಾರೋ ಕ್ಯಾಂಪಿನಲ್ಲಿ ಬೆರಳಚ್ಚು ಕೇಳಿದರೆಂದು ಕೊಡುವ ಮೊದಲು ಇದು ನೆನಪಿರಲಿ.

ಹಾಗಾದರೆ ಖಾಸಗಿ ಪಾಲಿಸಿ ಯಾರಿಗೆ? ಇಸಿಎಚ್‌ಎಸ್ ಇರುವ ಗಂಡ ಹೆಂಡತಿಗೆ ಅದು ಎರಡನೆಯ ಮಾತು. ದೂರದ ಪಾಲಿಕ್ಲಿನಿಕ್ಕು ಸಾಕಾಗಿ ಹೋದವರು, ಕೈಯಲ್ಲಿ ಹಣ ಇದ್ದರೆ, ಕೋ-ಪೇ ಇಲ್ಲದ್ದನ್ನು ನೋಡಿ ಮಾಡಬಹುದು. ನಿಜವಾಗಿ ಬೇಕಾದದ್ದು ಮಕ್ಕಳಿಗೆ. ಮಗನಿಗೆ 25 ತುಂಬಿದರೆ, ಅಥವಾ ಅದಕ್ಕೆ ಮೊದಲೇ ಮದುವೆಯೋ ನೌಕರಿಯೋ ಆದರೆ, ಅವನು ಅಪ್ಪನ ಕಾರ್ಡಿನಿಂದ ಹೊರಗೆ. ಮಗಳು ಮದುವೆ ಅಥವಾ ಸಂಪಾದನೆಯವರೆಗೆ. ಅಗ್ನಿವೀರರಾಗಿ ನಾಲ್ಕು ವರ್ಷ ದುಡಿದು ಮರಳುವವರಿಗೆ 2022ರ ಯೋಜನೆಯ ನಿಯಮದಂತೆ ಇಸಿಎಚ್‌ಎಸ್ ಇಲ್ಲ. ಇಂಥವರು ವಯಸ್ಸು ಚಿಕ್ಕದಿರುವಾಗ, ಕಾಯಿಲೆ ಅಂಟುವ ಮೊದಲೇ ಪಾಲಿಸಿ ಮಾಡಿದರೆ ಪ್ರೀಮಿಯಂ ಕಡಿಮೆ, ಕಾಯುವ ಅವಧಿಯೂ ಸುಮ್ಮನೆ ಕಳೆದುಹೋಗುತ್ತದೆ.

ಗಡಿಯವರಿಗೇ ಇರುವ ಇನ್ನೊಂದು ತೊಡಕು ಹೆಸರಿನದ್ದು. ಪಿಂಚಣಿ ಆದೇಶದಲ್ಲಿ ಒಂದು ಸ್ಪೆಲಿಂಗು, ಆಧಾರ್‌ನಲ್ಲಿ ಮರಾಠಿ ಅಥವಾ ಮಲಯಾಳದ ಉಚ್ಚಾರಕ್ಕೆ ತಕ್ಕಂತೆ ಇನ್ನೊಂದು, ಹೆಂಡತಿಯ ಹೆಸರಿಗೆ ತವರಿನದ್ದೊಂದು ಗಂಡನ ಮನೆಯದ್ದೊಂದು. ಕಾರ್ಡಿನ ಅರ್ಜಿ ಇಲ್ಲೇ ಸಿಕ್ಕಿಬೀಳುತ್ತದೆ. ಜಿಲ್ಲಾ ಸೈನಿಕ ಕಲ್ಯಾಣ ಕಛೇರಿಯ ಮೂಲಕ ರೆಕಾರ್ಡ್ ಆಫೀಸಿಗೆ ಬರೆದು ಇದನ್ನು ತಿದ್ದಿಸಬೇಕು. ತಿಂಗಳುಗಟ್ಟಲೆ ಹಿಡಿಯುವ ಕೆಲಸವಾದ್ದರಿಂದ ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿರುವಾಗಲೇ ಮಾಡಿಸಿಡುವುದು ಒಳ್ಳೆಯದು.