ಕಂಬಿಯಿಂದ ನೇಯ್ದ ಚಿನ್ನ

ಮೊದಲು ಒಂದು ಜನಿವಾರದ ಮಾತು. ಹೆಗಲಿನಿಂದ ಇಳಿದು ಎದೆಯನ್ನು ಅಡ್ಡ ಹಾಯ್ದು ಸೊಂಟಕ್ಕೆ ಬರುವ ಜನಿವಾರವೇ. ಆದರೆ ಪೂರ್ತಿ ಚಿನ್ನದ್ದು, ತೂಕ ನಾಲ್ಕು ಕಿಲೋಗೆ ಹತ್ತಿರ. ಫಿಲಿಪೀನ್ಸಿನ ಮನಿಲಾಕ್ಕೆ ಅಂಟಿಕೊಂಡ ಮಕಾತಿ ನಗರದ ಆಯಾಲಾ ಮ್ಯೂಸಿಯಂನಲ್ಲಿ ಅದನ್ನು ಇಟ್ಟಿದ್ದಾರೆ. ಆಕಾರ ನೋಡಿ ವಿದ್ವಾಂಸರು ಅದನ್ನು ಉಪವೀತ ಎಂದೇ ಕರೆದರು. ಜಾವಾದ ಹಳೆಯ ಶಿಲ್ಪಗಳಲ್ಲಿ ದೇವತೆಗಳ ಎದೆಯ ಮೇಲೆ ಇಂಥದೇ ದಪ್ಪನೆಯ ಹುರಿ ಕಾಣುತ್ತದೆ.

1981ರ ಏಪ್ರಿಲ್‌ನಲ್ಲಿ, ಮಿಂಡನಾವೊ ದ್ವೀಪದ ಸುರಿಗಾವೊ ದೆಲ್ ಸುರ್ ಪ್ರಾಂತದಲ್ಲಿ ನೀರಾವರಿ ಕೆಲಸಕ್ಕಾಗಿ ಮಣ್ಣು ತೆಗೆಯುತ್ತಿದ್ದ ಯಂತ್ರದ ಬಾಯಿಗೆ ಒಂದು ನಿಧಿ ಸಿಕ್ಕಿತು. ಈ ಜನಿವಾರ, ಡಾಬುಗಳು, ಸರಗಳು, ಕಠಾರಿಯ ಹಿಡಿ, ಬಟ್ಟಲು, ಅರೆ ಹಕ್ಕಿ ಅರೆ ಹೆಣ್ಣಾದ ಕಿನ್ನರಿಯ ರೂಪದ ಪಾತ್ರೆ, ಎಲ್ಲ ಸೇರಿ ಸುಮಾರು ಹತ್ತು ಕಿಲೋ ಚಿನ್ನ. ಕಾಲ ಹತ್ತರಿಂದ ಹದಿಮೂರನೆಯ ಶತಮಾನ. ಸ್ಪೇನಿನ ಹಡಗು ಆ ದ್ವೀಪಗಳನ್ನು ಮುಟ್ಟುವುದಕ್ಕೆ ಇನ್ನೂರಕ್ಕೂ ಹೆಚ್ಚು ವರ್ಷ ಮೊದಲೇ ಅಲ್ಲಿನ ಅಕ್ಕಸಾಲಿಗರು ಇದನ್ನೆಲ್ಲ ಮಾಡಿ ಮುಗಿಸಿದ್ದರು.

ತೂಕದ ಬೆರಗು ಬೇಗ ತೀರಿಹೋಗುತ್ತದೆ. ಆ ಡಾಬುಗಳ ಚಿತ್ರವನ್ನು ಹತ್ತಿರದಿಂದ ನೋಡಿ. ಮೊದಲ ನೋಟಕ್ಕೆ ಅದು ಬಟ್ಟೆಯ ಪಟ್ಟಿ. ಒತ್ತಾಗಿ ಹೆಣೆದ ಲಾಡಿಯ ಹಾಗೆ ಬಾಗಿ ಬೀಳುತ್ತದೆ, ಅಂಚು ಸಮವಾಗಿದೆ. ಎಳೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂದು ಹುಡುಕಲು ಹೋದರೆ ಕಣ್ಣು ಸೋಲುತ್ತದೆ. ಏಕೆಂದರೆ ಅಲ್ಲಿ ಉದ್ದನೆಯ ಎಳೆಯೇ ಇಲ್ಲ, ಇರುವುದು ಸಾವಿರಾರು ಪುಟ್ಟ ಉಂಗುರಗಳು.

ಕುಣಿಕೆಯೊಳಗೆ ಕುಣಿಕೆ ಹಾಕುವ ಈ ಸರಪಳಿ ಕೆಲಸ ಹಳೆಯ ಲೋಕದ ಹಲವು ಕಡೆ ಇತ್ತು, ಕ್ರಮವೂ ಸರಳ. ತೆಳ್ಳನೆಯ ಕಂಬಿಯನ್ನು ಸಲಾಕೆಗೆ ಸುರುಳಿಯಾಗಿ ಸುತ್ತುತ್ತಾರೆ. ಸುರುಳಿಯನ್ನು ಉದ್ದಕ್ಕೆ ಸೀಳಿದರೆ ಒಂದೇ ಅಳತೆಯ ಉಂಗುರಗಳು ಉದುರುತ್ತವೆ. ಒಂದೊಂದರ ಬಾಯಿಯನ್ನೂ ಬೆಂಕಿಯಲ್ಲಿ ಬೆಸೆಯಬೇಕು. ಆಮೇಲೆ ಉಂಗುರವನ್ನು ಎರಡೂ ಬದಿಯಿಂದ ಒತ್ತಿ ಉದ್ದನೆಯ ಕುಣಿಕೆ ಮಾಡಿ, ನಡುವಿಗೆ ಮಡಿಸುತ್ತಾರೆ. ಈಗ ಎರಡು ಕಿವಿ ಮೇಲೆದ್ದು ನಿಲ್ಲುತ್ತವೆ. ಆ ಕಿವಿಗಳೊಳಗೆ ಮುಂದಿನ ಕುಣಿಕೆಯನ್ನು ತೂರಿಸಿ, ಅದನ್ನೂ ಮಡಿಸಿದರೆ ಮತ್ತೆರಡು ಕಿವಿ. ಹೀಗೆಯೇ ಮುಂದಕ್ಕೆ. ಒಂದು ಸಾಲಾದರೆ ಸಣ್ಣ ಸರ. ಅಡ್ಡಡ್ಡ ಎರಡು ಮೂರು ಸಾಲು ಸೇರಿಸಿದರೆ ದುಂಡನೆಯ ಹುರಿ. ಸಾಲುಗಳನ್ನು ಒಂದರ ಪಕ್ಕ ಒಂದು ಕೋದರೆ ಪಟ್ಟಿ.

ನನಗೆ ಇಷ್ಟವಾಗುವುದು ಇದರಲ್ಲಿ ಬೆಂಕಿಗೆ ಕೊಟ್ಟ ಜಾಗ. ಬೆಸುಗೆ ಎಲ್ಲವೂ ಮೊದಲೇ ಮುಗಿದಿರುತ್ತದೆ. ನೇಯ್ಗೆ ಶುರುವಾದ ಮೇಲೆ ಬರೀ ಬೆರಳು, ಚಿಮುಟ, ಒಂದು ಮೊಳೆ. ಒಂದು ಉಂಗುರದ ಬಾಯಿ ಸರಿಯಾಗಿ ಕೂಡದಿದ್ದರೆ ಅದು ಗೊತ್ತಾಗುವುದು ಹತ್ತು ಸಾಲು ಮುಂದೆ ಹೋದ ಮೇಲೆ, ಮಡಿಸುವಾಗ ಅದು ಬಿಟ್ಟುಕೊಂಡಾಗ. ಆಗ ಅಲ್ಲಿಯವರೆಗೆ ಬಿಚ್ಚಬೇಕು. ಚಿನ್ನ ಮೆತ್ತಗಿರಬೇಕು, ಎಂದರೆ ಅಪರಂಜಿಗೆ ಹತ್ತಿರ ಇರಬೇಕು. ಬೆರಕೆ ಹೆಚ್ಚಾದರೆ ಕಂಬಿ ಮುನಿಯುತ್ತದೆ, ಮಡಿಕೆಯಲ್ಲಿ ಬಿರುಕು ಬಿಡುತ್ತದೆ.

ಇನ್ನೊಂದು ಕೆಲಸ ರವೆಯದು. ಆಭರಣದ ಮೇಲೆ ಗಸಗಸೆಯಂಥ ಚಿನ್ನದ ಗುಂಡುಗಳನ್ನು ಸಾಲಾಗಿ, ತ್ರಿಕೋನವಾಗಿ, ಹೂವಾಗಿ ಕೂರಿಸುವುದು. ರವೆಯನ್ನು ಯಾರೂ ಕೈಯಲ್ಲಿ ಉರುಟು ಮಾಡುವುದಿಲ್ಲ. ಚಿನ್ನದ ಚೂರುಗಳನ್ನು ಇದ್ದಿಲ ಪುಡಿಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಕಾಯಿಸಿದರೆ, ಕರಗಿದ ಚೂರು ತಾನಾಗಿ ಗುಂಡಾಗುತ್ತದೆ, ಕೆಸುವಿನ ಎಲೆಯ ಮೇಲೆ ನೀರಹನಿ ಗುಂಡಾಗುವಂತೆ. ಕಷ್ಟವಿರುವುದು ಅಂಟಿಸುವುದರಲ್ಲಿ. ಸಾಮಾನ್ಯ ಬೆಸುಗೆ ಹಾಕಿದರೆ ಅದು ಹರಿದು ರವೆಯ ಸುತ್ತ ತುಂಬಿಕೊಂಡು ಎಲ್ಲವನ್ನೂ ಮೊದ್ದು ಮಾಡುತ್ತದೆ. ಪ್ರಾಚೀನರು ಇದಕ್ಕೆ ಕಂಡುಕೊಂಡ ಉಪಾಯ ಬಹಳ ಜಾಣತನದ್ದು. ತಾಮ್ರದ ಖನಿಜದ ಪುಡಿಯನ್ನು ಗಿಡದ ಅಂಟಿನಲ್ಲಿ ಕಲಸಿ ಅದರಿಂದ ರವೆ ಕೂರಿಸುವುದು. ಕಾಯಿಸಿದಾಗ ಅಂಟು ಸುಟ್ಟು ಇದ್ದಿಲಾಗುತ್ತದೆ, ಖನಿಜ ತಾಮ್ರವಾಗುತ್ತದೆ, ಆ ತಾಮ್ರ ರವೆ ತಗಡನ್ನು ಮುಟ್ಟುವ ಬಿಂದುವಿನಲ್ಲಿ ಮಾತ್ರ ಚಿನ್ನದೊಳಗೆ ಸೇರುತ್ತದೆ. ಶುದ್ಧ ಚಿನ್ನ ಕರಗುವುದು 1064 ಡಿಗ್ರಿಗೆ. ತಾಮ್ರ ಸೇರಿದ ಆ ಬಿಂದು ಅದಕ್ಕಿಂತ ಮೊದಲೇ ಕರಗಿ ಕೂಡಿಕೊಳ್ಳುತ್ತದೆ. ಆ ಗಳಿಗೆಗೆ ಊದುಗೊಳವೆಯಿಂದ ಬಾಯಿ ತೆಗೆಯಬೇಕು. ಇನ್ನೊಂದು ಉಸಿರು ಊದಿದರೆ ರವೆಯೂ ತಗಡೂ ಸೇರಿ ಒಂದೇ ಮುದ್ದೆ. ಉಷ್ಣತೆ ಅಳೆಯಲು ಇದ್ದದ್ದು ಕಣ್ಣು ಮಾತ್ರ, ಲೋಹದ ಬಣ್ಣ ನೋಡುವ ಕಣ್ಣು.

ಕಮಗಿ ಎಂಬ ಸರದ ಬಗ್ಗೆಯೂ ಹೇಳಬೇಕು. ಒಂದರೊಳಗೊಂದು ಕೂರುವಂತೆ ಮಾಡಿದ ಚಪ್ಪಟೆ ಮಣಿಗಳನ್ನು ಪೋಣಿಸಿದರೆ ನಡುವೆ ಸಂದೇ ಕಾಣದ ಉದ್ದನೆಯ ಹುರಿಯಾಗುತ್ತದೆ. ಕೈಯಲ್ಲಿ ಹಿಡಿದರೆ ಹಾವಿನಂತೆ ಜಾರುತ್ತದಂತೆ.

ಚಿನ್ನ ಎಲ್ಲಿಂದ ಬಂತು? ಅಲ್ಲಿಯದೇ. ಅಗುಸಾನ್, ಸುರಿಗಾವೊ, ಲುಸೋನ್ ದ್ವೀಪದ ಪರಕಾಲೆ, ಬೆಂಗೆಟ್ ಬೆಟ್ಟಗಳು. ಬೆಟ್ಟದಲ್ಲಿ ಗಣಿ ತೋಡಿದರು, ಹೊಳೆಯಲ್ಲಿ ಮರಳು ತೊಳೆದರು. ನಮ್ಮ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನ ಹೆಕ್ಕುತ್ತಿದ್ದವರನ್ನು ಜಲಗಾರರು ಎನ್ನುತ್ತಿದ್ದರು. ಫಿಲಿಪೀನ್ಸಿನ ಹೊಳೆಗೆ ಇಳಿದವರಿಗೂ ಕನ್ನಡದಲ್ಲಿ ಅದೇ ಹೆಸರು ಸಲ್ಲುತ್ತದೆ. 1521ರಲ್ಲಿ ನಾವಿಕ ಮೆಗಲನ್ ಜೊತೆ ಬಂದ ಇಟಲಿಯ ಪಿಗಫೆಟ್ಟಾ, ಬುತುವಾನಿನ ಅರಸನ ನಾಡಿನಲ್ಲಿ ಮಣ್ಣು ಜರಡಿ ಹಿಡಿದರೆ ಅಕ್ರೋಟಿನಷ್ಟು, ಮೊಟ್ಟೆಯಷ್ಟು ದೊಡ್ಡ ಚಿನ್ನದ ಗಟ್ಟಿ ಸಿಗುತ್ತದೆ ಎಂದು ಬರೆದಿಟ್ಟ. ಆ ಅರಸನ ಒಂದೊಂದು ಹಲ್ಲಿನ ಮೇಲೂ ಮೂರು ಚಿನ್ನದ ಚುಕ್ಕೆ ಇದ್ದದ್ದನ್ನೂ ಅವನು ಗಮನಿಸಿದ. ಹಲ್ಲಿಗೆ ಚಿನ್ನ ಕೂರಿಸುವ ಈ ಕೆಲಸದ ಹೆಸರು ಪುಸದ್. ಪಂಗಾಸಿನಾನ್ ಪ್ರಾಂತದ ಬೊಲಿನಾವೊದಲ್ಲಿ ಅಗೆದಾಗ ಸಿಕ್ಕ ತಲೆಬುರುಡೆಯೊಂದರ ಹಲ್ಲುಗಳ ಮೇಲೆ ಮೀನಿನ ಹುರುಪೆಯಂತೆ ಚಿನ್ನದ ತಗಡು ಹೊದಿಸಿದೆ. ಸತ್ತವರಿಗೂ ಚಿನ್ನ ಬೇಕಿತ್ತು: ಇಲೊಯಿಲೊ ಪ್ರಾಂತದ ಓತೋನ್‌ನ ಸಮಾಧಿಯಲ್ಲಿ ಕಣ್ಣು ಮುಚ್ಚುವ ಒಂದು ತಗಡು, ಮೂಗು ಮುಚ್ಚುವ ಇನ್ನೊಂದು ತಗಡು ಸಿಕ್ಕವು. ಕಾಗದದಷ್ಟು ತೆಳು, ಅದರ ಮೇಲೆ ಉಬ್ಬುಗೆಲಸ.

ಬುತುವಾನ್ ಎಂಬ ಹೆಸರು ಬಂತಲ್ಲ, ಅಲ್ಲಿ ಸ್ವಲ್ಪ ನಿಲ್ಲೋಣ. ಅಗುಸಾನ್ ನದಿ ಕಡಲು ಸೇರುವ ಕಡೆಯ ಬಂದರು ಅದು. ಸೋಂಗ್ ವಂಶದ ಚೀನೀ ದಾಖಲೆಗಳಲ್ಲಿ 1001ರಷ್ಟು ಹಿಂದೆಯೇ ಅದರ ಹೆಸರು ಬರುತ್ತದೆ. ತಮ್ಮನ್ನು ಇಂದಿನ ವಿಯೆಟ್ನಾಂ ಕಡೆಯ ಚಂಪಾ ರಾಜ್ಯಕ್ಕೆ ಸಮನಾಗಿ ಕಾಣಬೇಕೆಂದು ಬುತುವಾನಿನವರು ಚೀನೀ ದರಬಾರಿಗೆ ಕೇಳಿಕೊಂಡರು, ದರಬಾರು ಒಪ್ಪಲಿಲ್ಲ. 1011ರಲ್ಲಿ ಶ್ರೀ ಎಂಬ ಬಿರುದಿದ್ದ ಅವರ ಅರಸ ತನ್ನ ಮನವಿಯನ್ನು ಚಿನ್ನದ ಫಲಕದ ಮೇಲೆ ಕೆತ್ತಿಸಿ ಕಳಿಸಿದ. ಅದೇ ಊರಿನ ಕೆಸರಿನಲ್ಲಿ 1976ರಿಂದ ಹಳೆಯ ಮರದ ನಾವೆಗಳು ಸಿಗತೊಡಗಿದವು. ಅವುಗಳನ್ನು ಬಲಂಗಾಯ್ ಎನ್ನುತ್ತಾರೆ. ಫಿಲಿಪೀನ್ಸಿನಲ್ಲಿ ಇಂದು ಊರಿನ ಚಿಕ್ಕ ಆಡಳಿತ ಘಟಕಕ್ಕೆ ಇರುವ ಬರಂಗಾಯ್ ಎಂಬ ಹೆಸರು ಬಂದದ್ದು ಆ ನಾವೆಯಿಂದ. ಹಲಗೆಗೆ ಹಲಗೆಯನ್ನು ಮರದ ಗೂಟದಿಂದ ಕೂಡಿಸಿ, ಒಳಮೈಯಲ್ಲಿ ಹಲಗೆಯದೇ ಭಾಗವಾಗಿ ಕೆತ್ತಿ ಉಳಿಸಿದ ಗುಬುಟುಗಳಿಗೆ ತೂತು ಕೊರೆದು, ತಾಳೆ ಜಾತಿಯ ಮರದ ನಾರಿನ ಹಗ್ಗದಿಂದ ಅಡ್ಡ ಮರಗಳಿಗೆ ಬಿಗಿದಿದ್ದಾರೆ. ಹಲಗೆಗಳ ಜೋಡಣೆಯಲ್ಲಿ ಒಂದೂ ಕಬ್ಬಿಣದ ಮೊಳೆಯಿಲ್ಲ.

ಆ ನಾವೆಯನ್ನೂ ಚಿನ್ನದ ಡಾಬನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಯೋಚಿಸಿದಾಗ ನನಗೆ ಒಂದೇ ಬುದ್ಧಿಯ ಎರಡು ಕೆಲಸ ಕಾಣುತ್ತದೆ. ಬುಟ್ಟಿ ಹೆಣೆಯುವ, ನಾರು ಹೊಸೆಯುವ, ಹಲಗೆ ಬಿಗಿಯುವ ಜನ ಚಿನ್ನವನ್ನೂ ನಾರಿನಂತೆಯೇ ಹಿಡಿದರು. ಅಚ್ಚು, ಎರಕ ಅವರಿಗೆ ಗೊತ್ತಿತ್ತು. ಆದರೂ ಅವರ ಮನಸ್ಸು ತುಂಬಿ ನಿಲ್ಲುವುದು ಹೆಣಿಗೆಯ ಕೆಲಸದಲ್ಲಿ. ಇದು ನನ್ನ ಅನಿಸಿಕೆ. ಆದರೆ ಆ ಒಡವೆಗಳನ್ನು ನೋಡಿದಷ್ಟೂ ಗಟ್ಟಿಯಾಗುತ್ತಿರುವ ಅನಿಸಿಕೆ.

ಕಡಲ ದಾರಿಯಲ್ಲಿ ಪಿಂಗಾಣಿ, ಮಣಿ ಬಂದವು. ದೇವತೆಗಳು, ತೂಕದ ಲೆಕ್ಕ, ಲಿಪಿ ಕೂಡ ಬಂದವು. ಮನಿಲಾದ ಹತ್ತಿರ ಲಗುನಾ ಪ್ರಾಂತದ ನದಿಯಲ್ಲಿ 1980ರ ದಶಕದ ಕೊನೆಗೆ ಸಿಕ್ಕ ಒಂದು ತಾಮ್ರಪಟವನ್ನು ಆಂಟೂನ್ ಪೋಸ್ಟ್ಮಾ ಎಂಬ ಡಚ್ ವಿದ್ವಾಂಸರು ಓದಿದರು. ಹಳೆಯ ಮಲಯ ಭಾಷೆ, ಜಾವಾದ ಕಾವಿ ಲಿಪಿ. ಆದರೆ ಅದು ಶುರುವಾಗುವ ರೀತಿ ಶಾಸನ ಓದಿದ ಯಾವ ಕನ್ನಡಿಗನನ್ನೂ ಹಿಡಿದು ನಿಲ್ಲಿಸುತ್ತದೆ: ಸ್ವಸ್ತಿ, ಆಮೇಲೆ ಕಳೆದ ಶಕ ವರ್ಷ 822, ವೈಶಾಖ ಮಾಸ, ಕೃಷ್ಣಪಕ್ಷದ ಚತುರ್ಥಿ, ಸೋಮವಾರ. ಲೆಕ್ಕ ಹಾಕಿದರೆ 900ನೇ ಇಸವಿಯ ಏಪ್ರಿಲ್ 21. ಮಾನ್ಯಖೇಟದಲ್ಲಿ ರಾಷ್ಟ್ರಕೂಟರ ಇಮ್ಮಡಿ ಕೃಷ್ಣ ಆಳುತ್ತಿದ್ದ ಕಾಲ. ನಮ್ಮ ಕಲ್ಲುಗಳ ಮೇಲೂ ಆಗ ಇದೇ ಕ್ರಮದಲ್ಲಿ ಶಕಕಾಲ ಎಣಿಸುತ್ತಿದ್ದರು. ಕಾವಿ ಲಿಪಿಗೂ ಕನ್ನಡ ಲಿಪಿಗೂ ಮೂಲ ದಕ್ಷಿಣದ ಬ್ರಾಹ್ಮಿ. ಈ ವಾಡಿಕೆ ಅಲ್ಲಿಗೆ ನೇರ ನಮ್ಮಿಂದ ಹೋದದ್ದಲ್ಲ, ಜಾವಾ, ಸುಮಾತ್ರಾಗಳ ಮೂಲಕ ದ್ವೀಪದಿಂದ ದ್ವೀಪಕ್ಕೆ ದಾಟಿದ್ದು. ಪಟದಲ್ಲಿರುವುದು ಒಂದು ಸಾಲ ತೀರಿದ ಪತ್ರ. ನಮ್ವರನ್ ಎಂಬವನ ಮೇಲಿದ್ದ ಒಂದು ಕಟಿ ಎಂಟು ಸುವರ್ಣ ತೂಕದ, ಎಂದರೆ ಸುಮಾರು 926 ಗ್ರಾಂ ಚಿನ್ನದ ಸಾಲ ಮನ್ನಾ ಆಗಿದೆ. ಪತ್ರ ಪಡೆದವರು ಅವನ ಮಗಳು ಅಂಗ್ಕಾತನ್ ಮತ್ತು ಅವಳ ಬಂಧು ಬುಕಾ. ಸುವರ್ಣ ಎಂಬ ಮಾತು ಅಲ್ಲಿ ತೂಕದ ಹೆಸರಾಗಿದೆ.

1917ರಲ್ಲಿ ಅಗುಸಾನ್ ಪ್ರಾಂತದ ವಾವಾ ನದಿಯ ದಂಡೆಯಲ್ಲಿ ಮನೋಬೊ ಬುಡಕಟ್ಟಿನ ಹೆಂಗಸೊಬ್ಬಳಿಗೆ ಸಿಕ್ಕ ಪುಟ್ಟ ದೇವಿಯೂ ಇದೇ ಕಡಲ ಮಾತನ್ನು ಹೇಳುತ್ತದೆ. ಪದ್ಮಾಸನ, ಕಿರೀಟ, ಸುಮಾರು ಒಂದೂಮುಕ್ಕಾಲು ಕಿಲೋ ಚಿನ್ನ. ಈಗ ಅದು ಶಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿದೆ. ಜನ ತಾರಾ ಎಂದರು. ಬೌದ್ಧ ಮಂಡಲದ ವಜ್ರಲಾಸ್ಯೆ ಎಂದು ಈಚಿನ ಕೆಲ ವಿದ್ವಾಂಸರು ಗುರುತಿಸಿದ್ದಾರೆ. ಇದನ್ನೆಲ್ಲ ಕಂಡು ಒಡವೆಗಳೂ ಹೊರಗಿನಿಂದ ಬಂದವು ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಬುತುವಾನಿನಲ್ಲಿ ಚಿನ್ನ ಕರಗಿಸಿದ ಮೂಸೆಗಳು ಸಿಕ್ಕಿವೆ. ಅದಕ್ಕಿಂತ ದೊಡ್ಡ ಸಾಕ್ಷಿ ಭಾಷೆಯದು. 1613ರಲ್ಲಿ ಪಿಲಾ ಎಂಬ ಊರಿನಲ್ಲಿ ಅಚ್ಚಾದ, ಅಲ್ಲಿನ ತಗಲೋಗ್ ಭಾಷೆಯ ನಿಘಂಟಿನಲ್ಲಿ ಪಾದ್ರಿ ಸಾನ್ ಬುವೆನವೆಂತುರಾ ಚಿನ್ನದ ಕಸುಬಿನ ಮಾತುಗಳನ್ನು ರಾಶಿ ಹಾಕಿದ್ದಾನೆ. ಶುದ್ಧತೆಯ ದರ್ಜೆಗೊಂದೊಂದು ಹೆಸರು: ಎಲ್ಲಕ್ಕಿಂತ ಮೇಲಿನದು ದಲಿಸಾಯ್, ಆಮೇಲೆ ಗಿನುಗುಲನ್, ಹಿಲಪೊ, ಹೀಗೆ ಇಳಿಯುತ್ತದೆ. ಕೊಂಡು ತಂದ ಒಡವೆಗೆ ಯಾರೂ ಇಷ್ಟು ಹೆಸರಿಡುವುದಿಲ್ಲ. ದಲಿಸಾಯ್ ಇಂದಿಗೂ ತಗಲೋಗ್ ಮಾತಿನಲ್ಲಿದೆ, ಕಲಬೆರಕೆ ಇಲ್ಲದ್ದು ಎಂಬ ಅರ್ಥದಲ್ಲಿ. ನೀರಿಗೂ ಪ್ರೀತಿಗೂ ಹೇಳುತ್ತಾರೆ.

ಸ್ಪೇನಿನ ಆಳ್ವಿಕೆ ಬಂದ ಮೇಲೆ ಹೊಳೆಯ ಕೆಲಸ ನಿಧಾನವಾಯಿತು. ಹಿರಿಯರಿಂದ ಬಂದ ಒಡವೆಯೇ ಸಾಕೆಂದು ಜನ ಇದ್ದುಬಿಡುತ್ತಾರೆ ಎಂದು ಅಧಿಕಾರಿ ಆಂತೋನಿಯೊ ದೆ ಮೊರ್ಗಾ 1609ರಲ್ಲಿ ಬರೆದ. ಮಣ್ಣಿನೊಳಗೆ ಹೋದ ಎಷ್ಟೋ ಒಡವೆಗಳು ಇಪ್ಪತ್ತನೆಯ ಶತಮಾನದಲ್ಲಿ ಸಿಕ್ಕವರ ಕೈಯಿಂದ ನೇರ ಮೂಸೆಗೆ ಹೋಗಿ ಕರಗಿದವು. ಅದನ್ನು ನೆನೆದರೆ ಸಂಕಟವಾಗುತ್ತದೆ, ಒಂದು ಡಾಬು ಕರಗಲು ಕೆಲವೇ ನಿಮಿಷ ಸಾಕು.

ಕಸುಬು ಮಾತ್ರ ಕರಗಲಿಲ್ಲ. ಕ್ರೈಸ್ತರಾದ ಮನೆಗಳಲ್ಲಿ ಜಪಸರ ಬೇಕಾಯಿತು. ಅದೇ ಕಂಬಿ, ಅದೇ ರವೆಯಿಂದ ಅಕ್ಕಸಾಲಿಗರು ಟೊಳ್ಳು ಮಣಿಗಳನ್ನು ಹೆಣೆದು ಸರ ಮಾಡಿ, ಪದಕದ ಜಾಗದಲ್ಲಿ ಶಿಲುಬೆ ತೂಗಿಸಿದರು. ತಂಬೊರಿನ್ ಎಂಬ ಆ ಸರಗಳು ಹಳೆಯ ಮನೆತನಗಳ ಪೆಟ್ಟಿಗೆಗಳಲ್ಲಿ ಈಗಲೂ ಇವೆ, ಬುಲಕಾನ್ ಪ್ರಾಂತದ ಮೇಕವಾಯನ್ ಊರಿನಲ್ಲಿ ಈಗಲೂ ಚಿನ್ನದ ಕೆಲಸ ನಡೆಯುತ್ತದೆ.