ಚಂದಾದಾರರ ಬಲ

ಪುಸ್ತಕ ಕೈಗೆ ಬಂದರೆ ನಾವು ಬರೆದವರ ಹೆಸರು ನೋಡುತ್ತೇವೆ. ಪ್ರಕಾಶಕರ ಹೆಸರಿರುವ ಪುಟವನ್ನು ಸರಕ್ಕನೆ ತಿರುವಿಬಿಡುತ್ತೇವೆ. ಇಂಗ್ಲಿಷ್ ತರಗತಿಯಲ್ಲಿ ಪೋಪ್ ಕವಿಯ ಹೆಸರು ಕೇಳದವರಿಲ್ಲ, ಅವನನ್ನು ಅಚ್ಚು ಹಾಕಿಸಿದ ಬರ್ನಾರ್ಡ್ ಲಿಂಟಟ್‌ನ ಹೆಸರು ಕೇಳಿದವರು ವಿರಳ. ಆ ತಿರುವಿಬಿಟ್ಟ ಪುಟದ ಬಗೆಗೇ ನಾಲ್ಕು ಮಾತು ಬರೆಯಬೇಕೆಂದು ನನ್ನ ಆಸೆ.

ಲಿಂಟಟ್ ಲಂಡನ್ನಿನ ಫ್ಲೀಟ್ ಸ್ಟ್ರೀಟಿನಲ್ಲಿ ಅಂಗಡಿ ಇಟ್ಟಿದ್ದವನು. ಆ ಕಾಲದಲ್ಲಿ ಪುಸ್ತಕ ಮಾರುವವನೇ ಪ್ರಕಾಶಕನೂ ಆಗಿರುತ್ತಿದ್ದ. ಪೋಪ್ ಮಾಡಿದ ಹೋಮರನ 'ಇಲಿಯಡ್' ಅನುವಾದವನ್ನು ಅವನು 1715ರಿಂದ 1720ರವರೆಗೆ ಆರು ಸಂಪುಟಗಳಲ್ಲಿ ಹೊರತಂದ. ಬೆಲೆ ಆರು ಗಿನಿ. 575 ಚಂದಾದಾರರು 654 ಪ್ರತಿಗಳಿಗೆ ಹೆಸರು ಕೊಟ್ಟರು. ನಮ್ಮ ದೇವಸ್ಥಾನಗಳ ಕಲ್ಲುಗಳಲ್ಲಿ ದಾನಿಗಳ ಹೆಸರು ಕೆತ್ತಿಸುವಂತೆ ಅವರ ಹೆಸರುಗಳನ್ನೂ ಗ್ರಂಥದಲ್ಲಿ ಅಚ್ಚು ಹಾಕಿದ್ದರು! ಆ ಪ್ರತಿಗಳನ್ನು ಲಿಂಟಟ್ ಕವಿಗೆ ಪುಕ್ಕಟೆ ಕೊಟ್ಟು, ಮೇಲೆ ಸಂಪುಟಕ್ಕೆ 200 ಗಿನಿಯಂತೆ ಸಂಭಾವನೆಯನ್ನೂ ಕೊಟ್ಟ. ಕವಿ ಸ್ಥಿತಿವಂತನಾದ. ಲಿಂಟಟ್‌ನ ಪಾಡು ಅಷ್ಟು ಸುಖದ್ದಲ್ಲ. ಹಾಲೆಂಡಿನಲ್ಲಿ ಯಾರೋ ಕಳ್ಳಮುದ್ರಣ ಮಾಡಿ ಅಗ್ಗದ ಪ್ರತಿಗಳನ್ನು ತಂದುದರಿಂದ ಅವನೂ ಚಿಕ್ಕ ಆಕಾರದ ಅಗ್ಗದ ಪ್ರತಿಗಳಿಗೆ ಇಳಿಯಬೇಕಾಯಿತು.

ಇದೇ ಚಂದಾ ಪದ್ಧತಿ ಕನ್ನಡದಲ್ಲಿ ಕೊಟ್ಟ ಫಲವನ್ನು ನೋಡಬೇಕಾದರೆ ಅಂಕೋಲೆಯಿಂದ ಘಟ್ಟ ಹತ್ತಿ ಧಾರವಾಡಕ್ಕೆ ಹೋಗಬೇಕು. ಅಲ್ಲಿ 1933ರಲ್ಲಿ ಮನೋಹರ ಗ್ರಂಥಮಾಲೆ ಆರಂಭವಾಯಿತು. ಅದನ್ನು ಬೆಳೆಸಿದವರು ಜಿ. ಬಿ. ಜೋಶಿಯವರು, ಜಡಭರತ ಎಂಬ ಹೆಸರಿನಲ್ಲಿ ನಾಟಕಗಳನ್ನು ಬರೆದವರೂ ಇವರೇ. ಸುಭಾಸ ರಸ್ತೆಯ ಲಕ್ಷ್ಮೀಭವನದ ಮೇಲಿನ ಅವರ ಕಚೇರಿಯನ್ನು ಸಾಹಿತಿಗಳು ಕರೆಯುತ್ತಿದ್ದುದು 'ಅಟ್ಟ' ಎಂದೇ. ಹಸ್ತಪ್ರತಿಗಳನ್ನು ಓದಿ ಸಲಹೆ ಕೊಡಲು ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಇದ್ದರು.

ಎರಡು ಕಡೆಯ ಚಂದಾದಾರರಲ್ಲಿ ಒಂದು ವ್ಯತ್ಯಾಸವುಂಟು, ನನಗೆ ಮುಖ್ಯವಾಗಿ ಕಾಣುವುದು ಇದೇ. ಲಂಡನ್ನಿನವನು ಹಣ ಕೊಟ್ಟದ್ದು ಹೆಸರಾಂತ ಕವಿಯ ಒಂದು ಗೊತ್ತಾದ ಗ್ರಂಥಕ್ಕೆ. ಧಾರವಾಡದ ಮಾಲೆಗೆ ಚಂದಾ ಕಟ್ಟಿದವನು ತಾನು ಆರಿಸದ ಪುಸ್ತಕಗಳಿಗೆ, ಬರಿಯ ಮಾಲೆಯ ಮೇಲಿನ ವಿಶ್ವಾಸದಿಂದ ಹಣ ಕೊಡುತ್ತಿದ್ದ. ಪುಸ್ತಕ ರುಚಿಸದಿದ್ದರೆ ಮರುವರ್ಷ ಚಂದಾ ನಿಲ್ಲಿಸುವ ಅಧಿಕಾರ ಅವನಿಗಿತ್ತು. ಆದ್ದರಿಂದ ಹೊಸಬನ ಪುಸ್ತಕ ಹಾಕುವಾಗ ಪ್ರಕಾಶಕರು ಪಣಕ್ಕಿಡುತ್ತಿದ್ದುದು ಬರಿಯ ಕಾಗದದ ಖರ್ಚನ್ನಲ್ಲ, ಆ ವಿಶ್ವಾಸವನ್ನೇ.

ಆದರೂ ಅವರು ಹೊಸಬರನ್ನು ಬಿಡಲಿಲ್ಲ. ಶಂಕರ ಮೊಕಾಶಿ ಪುಣೇಕರರ 'ಗಂಗವ್ವ ಗಂಗಾಮಾಯಿ' 1956ರಲ್ಲಿ ಬಂದಿತು, ಎ. ಕೆ. ರಾಮಾನುಜನ್ನರ 'ಹೊಕ್ಕುಳಲ್ಲಿ ಹೂವಿಲ್ಲ' 1969ರಲ್ಲಿ. ನಮ್ಮ ಜಿಲ್ಲೆಯವರಿಗೆ 1961 ವಿಶೇಷವಾದ ವರ್ಷ. ಹಳಿಯಾಳದಲ್ಲಿ ಹುಟ್ಟಿದ ಶಾಂತಿನಾಥ ದೇಸಾಯಿಯವರ 'ಮುಕ್ತಿ' ಕಾದಂಬರಿ, ಶಿರಸಿಯಲ್ಲಿ ಬಾಲ್ಯ ಕಳೆದ ಗಿರೀಶ ಕಾರ್ನಾಡರ 'ಯಯಾತಿ' ನಾಟಕ, ಎರಡೂ ಆ ವರ್ಷ ಅಟ್ಟದಿಂದಲೇ ಇಳಿದು ಬಂದವು. ಕಾರ್ನಾಡರಿಗೆ ಆಗ 23 ವರ್ಷ. ಇಂಗ್ಲಿಷ್ ಕವಿಯಾಗಬೇಕೆಂದು ಕನಸು ಕಂಡಿದ್ದ ತರುಣ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ; ಅವನ ಕನ್ನಡ ನಾಟಕ ಇಲ್ಲಿ ಯಾರೂ ಕೇಳದೆಯೇ ಚಂದಾದಾರರ ಮನೆಗಳನ್ನು ಸೇರುತ್ತಿತ್ತು. 'ತುಘಲಕ್' ಬಂದದ್ದು ಅನಂತರ, 1964ರಲ್ಲಿ.

ಜೋಶಿಯವರು 1993ರಲ್ಲಿ ತೀರಿಕೊಂಡರು. ಕಾರ್ನಾಡರ ಆತ್ಮಕಥೆ 'ಆಡಾಡತ ಆಯುಷ್ಯ' 2011ರಲ್ಲಿ, 'ಯಯಾತಿ'ಯ 50 ವರ್ಷಗಳ ಅನಂತರ, ಅದೇ ಮಾಲೆಯಿಂದ ಹೊರಬಂದಿತು.