ಈದ್ ಹಬ್ಬದ ರಿಯಾಯಿತಿ ಮತ್ತು ಪಗಾರದ ತಾರೀಖು

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬರುವ ಬಂಧುಗಳಲ್ಲಿ ಕಲಬುರ್ಗಿ, ಯಾದಗಿರಿ, ವಿಜಾಪುರ ಕಡೆಯ ಮುಸಲ್ಮಾನ ಗೆಳೆಯರೂ ಅನೇಕರಿದ್ದಾರೆ. ರಂಜಾನ್ ತಿಂಗಳು ಹತ್ತಿರ ಬಂದಿತೆಂದರೆ ವೃತ್ತಪತ್ರಿಕೆಯ ಮೇಜಿಗಿಂತ ಮೊಬೈಲಿನ ಸುತ್ತ ಹೆಚ್ಚು ಜನ ಸೇರುತ್ತಾರೆ. ಮಕ್ಕಳ ಕುರ್ತಾಕ್ಕೆ ಶೇಕಡಾ 70 ಸೂಟ್, ಅತ್ತರಿಗೆ ಶೇಕಡಾ 40, ಖರ್ಜೂರದ ಡಬ್ಬಿ ಒಂದಕ್ಕೆ ಒಂದು ಉಚಿತ. ಇಷ್ಟು ಬಿಟ್ಟುಕೊಟ್ಟರೆ ವ್ಯಾಪಾರಿಗೆ ಗಿಟ್ಟುವುದು ಹೇಗೆ ಎಂದು ಒಬ್ಬರಲ್ಲ, ಹಲವರು ನಮ್ಮನ್ನು ಕೇಳಿದ್ದಾರೆ. ಗಿರಣಿಯಲ್ಲಿ ಲೆಕ್ಕ ಬರೆಯುವ ನಮಗೆ ಅರಿವೆಯ ದರದ ವಿಷಯ ತಕ್ಕಮಟ್ಟಿಗೆ ತಿಳಿದಿರುವುದರಿಂದ ಇಲ್ಲಿ ನಾಲ್ಕು ಮಾತು ಬರೆಯುತ್ತೇವೆ. ಇದು ದೀಪಾವಳಿಗೆ ಕೊಳ್ಳುವವರಿಗೂ ಅನ್ವಯಿಸುವುದು. ಆದರೆ ಈದಿನ ಲೆಕ್ಕದಲ್ಲಿ ಒಂದು ವಿಶೇಷವಿದೆ, ಅದನ್ನು ಮುಂದೆ ಹೇಳುತ್ತೇವೆ.

ಮೊದಲು, ರಿಯಾಯಿತಿ ಯಾವುದರ ಮೇಲೆ ಎಂಬುದನ್ನು ನೋಡಬೇಕು. ನಮ್ಮ ದೇಶದಲ್ಲಿ ಪೊಟ್ಟಣ ಕಟ್ಟಿದ ಪ್ರತಿ ಸರಕಿನ ಮೇಲೆ ಎಂ.ಆರ್.ಪಿ. ಎಂಬ ಗರಿಷ್ಠ ಬೆಲೆ ಮುದ್ರಿಸಬೇಕೆಂದು ಕಾನೂನಿದೆ. ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುವುದು ಅಪರಾಧ. ಆದರೆ ಆ ಗರಿಷ್ಠ ಬೆಲೆಯನ್ನೇ ಎಷ್ಟಕ್ಕೆ ನಿಲ್ಲಿಸಬೇಕು? ಔಷಧಿಯಂಥ ಕೆಲವು ಸರಕು ಬಿಟ್ಟರೆ ಅದು ತಯಾರಕನ ಇಚ್ಛೆ. ಒಂದು ಕುರ್ತಾದ ಮೇಲೆ ರೂ. 2,999 ಎಂದು ಅಚ್ಚು ಹಾಕಿ, ಅದನ್ನು ಅಡ್ಡಗೆರೆಯಿಂದ ಹೊಡೆದು, ಪಕ್ಕದಲ್ಲಿ ರೂ. 899 ಎಂದು ಬರೆದರೆ ಶೇಕಡಾ 70 ಸೂಟ್ ಆಯಿತು. ಆ ಕುರ್ತಾ 2,999ಕ್ಕೆ ಯಾವ ದಿನವಾದರೂ ಮಾರಿತ್ತೇ ಎಂದು ಕೇಳುವವರಿಲ್ಲ. ಬಟ್ಟೆ, ಹೊಲಿಗೆ, ಸಾಗಾಟ, ಜಾಲದ ಅಂಗಡಿಯ ದಲಾಲಿ, ಇವನ್ನೆಲ್ಲ ಕೂಡಿಸಿ ವ್ಯಾಪಾರಿ 899ರ ಸುತ್ತಲೇ ಮೊದಲಿನಿಂದ ಲೆಕ್ಕ ಹಾಕಿರುತ್ತಾನೆ. ಗಿರಾಕಿ ಹಿಂದಿರುಗಿಸುವ ಮಾಲಿನ ಎರಡೂ ಕಡೆಯ ಸಾಗಾಟದ ಖರ್ಚೂ ಅದರೊಳಗೇ ಸೇರಿರುತ್ತದೆ. ಅಳತೆ ಸರಿಹೋಗಲಿಲ್ಲವೆಂದು ಯಾರೋ ವಾಪಸು ಕಳಿಸಿದ ನಾಲ್ಕು ಕುರ್ತಾಗಳ ಭಾರವನ್ನು ಐದನೆಯವನು ಹೊರುತ್ತಾನೆ.

ಎರಡನೆಯದಾಗಿ, ನಿಜವಾದ ರಿಯಾಯಿತಿ ಇದ್ದಲ್ಲಿ ಅದನ್ನು ಯಾರು ಕೊಡುತ್ತಾರೆ? 2018ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಹೊರಡಿಸಿ 2019ರ ಫೆಬ್ರವರಿ 1ರಿಂದ ಜಾರಿಗೆ ತಂದ ನಿಯಮದ ಪ್ರಕಾರ, ವಿದೇಶಿ ಬಂಡವಾಳವಿರುವ ಜಾಲದ ಪೇಟೆಗಳು ಮಾರಾಟದ ಬೆಲೆಯನ್ನು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪ್ರಭಾವಿಸಬಾರದು. ಆದ್ದರಿಂದ ಕಾಗದದ ಮೇಲೆ ಸೂಟ್ ಕೊಡುವವನು ಸಾಮಾನ್ಯವಾಗಿ ವ್ಯಾಪಾರಿ, ಇಲ್ಲವೆ ತಯಾರಕ, ಇಲ್ಲವೆ ಕಾರ್ಡು ಕೊಟ್ಟ ಬ್ಯಾಂಕು. ಬ್ಯಾಂಕಿನ ಶೇಕಡಾ 10 ನಿಜವಾದದ್ದೇ. ಆದರೆ ಅದು ಕ್ರೆಡಿಟ್ ಕಾರ್ಡು ಇದ್ದವರಿಗೆ, ಅದೂ ಒಂದು ಮಿತಿಯವರೆಗೆ. ಬ್ಯಾಂಕು ಅದನ್ನು ಪುಣ್ಯಕ್ಕಾಗಿ ಕೊಡುವುದಿಲ್ಲವೆಂಬುದನ್ನು ಬಾಕಿ ಉಳಿಸಿಕೊಂಡವರು ಬಲ್ಲರು.

ತೆರಿಗೆಯಲ್ಲಿಯೂ ಒಂದು ಸೂಕ್ಷ್ಮವಿದೆ. 2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪಿಗೆ ರೂ. 2,500ರ ವರೆಗೆ ಶೇಕಡಾ 5, ಅದಕ್ಕೆ ಮೇಲ್ಪಟ್ಟರೆ ಶೇಕಡಾ 18 ಜಿ.ಎಸ್.ಟಿ. ತೆರಿಗೆಯ ಹೊರತು ರೂ. 2,600 ಇದ್ದ ಶೇರ್ವಾನಿ ತೆರಿಗೆ ಸೇರಿ ರೂ. 3,068 ಆಗುತ್ತದೆ. ವ್ಯಾಪಾರಿ ನೂರು ರೂಪಾಯಿ ಇಳಿಸಿ 2,500ಕ್ಕೆ ಬಿಲ್ಲು ಬರೆದರೆ ನೀವು ಕೊಡುವುದು ರೂ. 2,625. ಗಿರಾಕಿಗೆ ಉಳಿದದ್ದು 443. ವ್ಯಾಪಾರಿ ಬಿಟ್ಟದ್ದು 100. ಮಿಕ್ಕ 343 ಸರಕಾರದ ತೆರಿಗೆಯದು. ಜಾಹೀರಾತಿನಲ್ಲಿ ಮಾತ್ರ ಪೂರ್ತಿ 443 ಹಬ್ಬದ ಉಡುಗೊರೆ!

ಈಗ ಈದಿನ ವಿಶೇಷಕ್ಕೆ ಬರುತ್ತೇವೆ. ಹಿಜರಿ ವರ್ಷ ಚಂದ್ರನದು, 354 ಅಥವಾ 355 ದಿನದ್ದು. ಆದ್ದರಿಂದ ಹಬ್ಬ ಪ್ರತಿ ಇಸವಿಯಲ್ಲಿ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಈದುಲ್ ಫಿತ್ರ್ ನಮ್ಮಲ್ಲಿ 2023ರಲ್ಲಿ ಏಪ್ರಿಲ್ 22ಕ್ಕೆ, 2024ರಲ್ಲಿ ಏಪ್ರಿಲ್ 11ಕ್ಕೆ, 2025ರಲ್ಲಿ ಮಾರ್ಚ್ 31ಕ್ಕೆ ಬಂದಿತು. ಸುಮಾರು 33 ವರ್ಷಕ್ಕೆ ಒಂದು ಸುತ್ತು. 2030ರಲ್ಲಂತೂ ಜನವರಿಯಲ್ಲಿ ಒಮ್ಮೆ, ಡಿಸೆಂಬರಿನ ಕೊನೆಗೆ ಇನ್ನೊಮ್ಮೆ, ಒಂದೇ ಇಸವಿಯಲ್ಲಿ ಎರಡು ರಂಜಾನ್ ಆರಂಭವಾಗುವವು.

ಆದರೆ ನಮ್ಮ ದುಡ್ಡು ಚಂದ್ರನನ್ನು ನೋಡಿ ಬರುವುದಿಲ್ಲ. ಪಗಾರ ಬರುವುದು ಇಂಗ್ಲಿಷ್ ತಿಂಗಳಿಗೆ. 1936ರ ವೇತನ ಪಾವತಿ ಕಾಯ್ದೆಯಲ್ಲಿ ಸಾವಿರಕ್ಕಿಂತ ಕಡಿಮೆ ಜನರಿರುವ ಕಾರಖಾನೆಗೆ 7ನೆಯ ತಾರೀಖಿನ ಗಡುವು ಹಾಕಿದ್ದರು. ಬೋನಸ್ಸು ಬರುವುದು ದೀಪಾವಳಿಯ ಮುಂದೆ. 1965ರ ಬೋನಸ್ ಕಾಯ್ದೆಯ ಕನಿಷ್ಠ ಶೇಕಡಾ 8.33 ಎಂದರೆ ಹನ್ನೆರಡರಲ್ಲಿ ಒಂದು ಪಾಲು, ಅರ್ಥಾತ್ ಒಂದು ತಿಂಗಳ ಲೆಕ್ಕ. ಮುಂಬಯಿಯ ಗಿರಣಿಗಳ ಕಾಲದಿಂದ ಕಾರ್ಮಿಕನ ಕೈಯಲ್ಲಿ ಒಟ್ಟಿಗೆ ಹಣ ಕಾಣಿಸುತ್ತಿದ್ದದ್ದು ಆ ಒಂದೇ ಸಾರಿ. ದೇಶದ ದೊಡ್ಡ ಜಾಲದ ಅಂಗಡಿಗಳು ತಮ್ಮ ಅತಿ ದೊಡ್ಡ ಮಾರಾಟವನ್ನು ದಸರೆ ದೀಪಾವಳಿಗೆ ಇಟ್ಟುಕೊಂಡಿರುವುದು ಇದೇ ಕಾರಣಕ್ಕೆ. ಅಂಗಡಿಕಾರನ ಕಣ್ಣು ಹಬ್ಬದ ಮೇಲಿರುವುದಿಲ್ಲ, ಗಿರಾಕಿಯ ಕಿಸೆಯ ಮೇಲಿರುತ್ತದೆ.

ಇಲ್ಲೊಂದು ಸ್ವಾರಸ್ಯವುಂಟು. ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ತನ್ನ ಮೊದಲ ಬಿಗ್ ಬಿಲಿಯನ್ ಮಾರಾಟವನ್ನು ನಡೆಸಿದ್ದು 2014ರ ಅಕ್ಟೋಬರ್ 6ರಂದು. ಆ ದಿನ ನಮ್ಮ ದೇಶದಲ್ಲಿ ಬಕ್ರೀದ್. ಆದರೆ ತಾರೀಖನ್ನು ಆರಿಸಿದ್ದು ಬಕ್ರೀದಿಗಾಗಿ ಅಲ್ಲ. ಸ್ಥಾಪಕರು ಕೆಲಸ ಆರಂಭಿಸಿದ ಮನೆಯ ಸಂಖ್ಯೆ 610 ಇದ್ದುದರಿಂದ 6-10 ಎಂದು ಆರಿಸಿದ್ದು. ಆ ದಿನ ನೂಕುನುಗ್ಗಲಿಗೆ ಅಂಗಡಿಯೇ ಕೈಕೊಟ್ಟಿತು. ಮಾರಾಟಕ್ಕೆ ಕೆಲವೇ ಗಂಟೆ ಮುಂಚೆ ಹಲವು ಸರಕುಗಳ ಬೆಲೆ ರಿಯಾಯಿತಿಯಿಲ್ಲದ ದರಕ್ಕೆ ಏರಿತ್ತೆಂದು ಸ್ಥಾಪಕರೇ ಮರುದಿನ ಗಿರಾಕಿಗಳಿಗೆ ಕ್ಷಮಾಪಣೆಯ ಪತ್ರ ಬರೆದರು. ಅಡ್ಡಗೆರೆ ಹೊಡೆದ ಬೆಲೆಯನ್ನು ನಂಬುವವರು ಈ ಪತ್ರವನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಇಂಡೊನೇಷ್ಯಾದಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ಒಂದು ವರ್ಷ ದುಡಿದ ಕಾರ್ಮಿಕನಿಗೆ ಒಂದು ತಿಂಗಳ ಪಗಾರವನ್ನು ಹಬ್ಬದ ಭತ್ಯೆಯಾಗಿ ಕೊಡಬೇಕು. ಅವನು ಯಾವ ಧರ್ಮದವನೋ ಆ ಹಬ್ಬಕ್ಕೆ, ಕನಿಷ್ಠ ಏಳು ದಿನ ಮುಂಚಿತವಾಗಿ ಕೊಡಬೇಕೆಂದು 2016ರ ನಿಯಮ ಹೇಳುತ್ತದೆ. ಬಹುಜನ ಮುಸಲ್ಮಾನರಾದ್ದರಿಂದ ಈದಿನ ಮುಂಚೆ ದೇಶದ ತುಂಬ ದುಡ್ಡು ಓಡಾಡುತ್ತದೆ. ಜಾಲದ ಅಂಗಡಿಗಳು ಅದನ್ನೇ ಕಾಯ್ದು ದರ ಇಳಿಸುತ್ತವೆ. ಭಟ್ಕಳ, ಮಂಗಳೂರಿನ ಎಷ್ಟೋ ಮಂದಿ ದುಡಿಯುವ ದುಬಾಯಿ ಕಡೆ, 2025ರ ಜನವರಿಯಿಂದ ಅಕ್ಕಿ, ಎಣ್ಣೆ, ಮೊಟ್ಟೆ, ಸಕ್ಕರೆ ಮುಂತಾದ ಒಂಬತ್ತು ಮೂಲ ಆಹಾರ ಪದಾರ್ಥಗಳ ದರವನ್ನು ಸರಕಾರದ ಒಪ್ಪಿಗೆಯಿಲ್ಲದೆ ಏರಿಸುವಂತಿಲ್ಲ.

ನಮ್ಮಲ್ಲಿ ಈದಿಗೆ ಬೋನಸ್ಸೂ ಇಲ್ಲ, ತಾರೀಖೂ ನಿಲ್ಲುವುದಿಲ್ಲ. 2024ರಲ್ಲಿ ಏಪ್ರಿಲ್ 11ಕ್ಕೆ ಬಂದ ಈದಿಗೆ ಮಾರ್ಚಿನ ಪಗಾರ ಕೈಗೆ ಬಂದಿತ್ತು. 2025ರಲ್ಲಿ ಮಾರ್ಚ್ 31, ಸೋಮವಾರ. ಫೆಬ್ರವರಿಯ ಪಗಾರ ಕರಗಿಹೋಗಿ, ಮಾರ್ಚಿನದು ಇನ್ನೂ ಬಾರದ ದಿನ. ಆ ವರ್ಷದ ಬಕ್ರೀದ್ ಜೂನ್ 7, ಸರಿಯಾಗಿ ಪಗಾರದ ಗಡುವಿನ ದಿನ. ಇಂಥ ವರ್ಷದಲ್ಲಿ ಗಿರಾಕಿಗೆ ದರ ಇಳಿಸುವುದಕ್ಕಿಂತ ಸಾಲ ಕೊಡುವುದೇ ಅಂಗಡಿಗೆ ಲಾಭದ್ದು. "ಈಗ ಕೊಳ್ಳಿ, ಆಮೇಲೆ ಕೊಡಿ" ಎಂಬ ಗುಂಡಿ ತೆರೆಯ ಮೇಲೆ ದಪ್ಪಗಾಗುವುದು ಆಗಲೇ. ಕೈಯಲ್ಲಿ ಹಣವಿದ್ದವನು ಚೌಕಾಶಿ ಮಾಡುತ್ತಾನೆ. ಹಬ್ಬದ ಮುನ್ನಾದಿನ ಮಗಳ ಬಟ್ಟೆಗೆ ಹಣವಿಲ್ಲದವನು ಕಂತಿನ ಮೊತ್ತವನ್ನು ಮಾತ್ರ ನೋಡುತ್ತಾನೆ.

ಬಡ್ಡಿಯಿಲ್ಲದ ಕಂತು ಎಂಬ ಮಾತನ್ನೂ ಲೆಕ್ಕ ಹಾಕಿ ನೋಡೋಣ. ಬಡ್ಡಿಯನ್ನು ಹರಾಮ್ ಎಂದು ದೂರವಿಡುವ ಗೆಳೆಯರು ಇದನ್ನು ನಿಜವೆಂದು ತಿಳಿದು ತೆಗೆದುಕೊಳ್ಳುವುದರಿಂದ ಇಲ್ಲಿ ಹೆಚ್ಚು ನಿಲ್ಲಬೇಕಾಗಿದೆ. ರೂ. 12,000ದ ಮೊಬೈಲು, ಆರು ಕಂತು, ಕಂತಿಗೆ 2,000. ಬ್ಯಾಂಕಿನ ಬಡ್ಡಿ ವರ್ಷಕ್ಕೆ ಶೇಕಡಾ 15 ಎಂದಿಟ್ಟುಕೊಳ್ಳಿ. ಬ್ಯಾಂಕು ತನ್ನ ವಹಿಯಲ್ಲಿ ಬರೆಯುವ ಸಾಲ ಸುಮಾರು 11,492, ಬಡ್ಡಿ 508. ಈ 508ನ್ನು ವ್ಯಾಪಾರಿ ಅಥವಾ ತಯಾರಕ ಬೆಲೆಯಲ್ಲಿ ಇಳಿಸಿದಂತೆ ತೋರಿಸುತ್ತಾನೆ. ಬಡ್ಡಿ ಇಲ್ಲವಾಗಲಿಲ್ಲ, ಬೇರೆ ಅಂಕಣಕ್ಕೆ ಹೋಯಿತು. ಆ ಬಡ್ಡಿಯ ಮೇಲೆ ಶೇಕಡಾ 18 ಜಿ.ಎಸ್.ಟಿ. ಎಂದು 91 ರೂಪಾಯಿ ನಿಮ್ಮಿಂದಲೇ. ನಿರ್ವಹಣಾ ಶುಲ್ಕ 199 ಇದ್ದರೆ ತೆರಿಗೆ ಸೇರಿ 235. ಒಟ್ಟು 326 ಹೆಚ್ಚು. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿತ್ತು. ರೊಕ್ಕ ಕೊಟ್ಟು ಕೊಳ್ಳುವವನಿಗೆ ಆ 508 ಕಡಿಮೆ ಮಾಡುತ್ತೀರಾ ಎಂದು ಅಂಗಡಿಯಲ್ಲಿ ಕೇಳಿ ನೋಡಬಹುದು.

ಹಬ್ಬಕ್ಕೆ ದರ ಇಳಿಯಲೇಬೇಕೆಂದೂ ಇಲ್ಲ. 2019ರ ರಂಜಾನ್ ಬೇಸಿಗೆಯಲ್ಲಿ ಬಂದಾಗ ಹಮ್ದರ್ದಿನ ರೂಹ್ ಅಫ್ಜಾ ಪೇಟೆಯಲ್ಲಿ ಸಿಗದಂತಾಯಿತು. ಕಚ್ಚಾ ಸಾಮಗ್ರಿಯ ಕೊರತೆಯೆಂದು ಕಂಪನಿ ಹೇಳಿತು. ಆ ದಿನಗಳಲ್ಲಿ ಜಾಲದ ಪೇಟೆಯಲ್ಲಿ ಕೆಲವರು ಅದೇ ಬಾಟಲಿಯನ್ನು ಮುದ್ರಿತ ಬೆಲೆಗಿಂತ ಎಷ್ಟೋ ಮೇಲಿನ ದರಕ್ಕೆ ಇಟ್ಟಿದ್ದರು. ಇಫ್ತಾರಿಗೆ ಶರಬತ್ತು ಬೇಕೇ ಬೇಕೆಂಬುದು ಗೊತ್ತಿದ್ದಾಗ ಸೂಟ್ ಯಾರು ಕೊಡುತ್ತಾರೆ? ಸೂಟ್ ಕಾಣುವುದು ಮುಂದೂಡಬಹುದಾದ ಸರಕಿಗೆ: ಮೊಬೈಲು, ಮಿಕ್ಸರು, ಪರದೆ, ಕೈಗಡಿಯಾರ.

ಬಟ್ಟೆ ಇವೆರಡರ ನಡುವೆ ಇರುತ್ತದೆ. ಚಂದ್ರ 29ನೆಯ ಸಂಜೆ ಕಾಣುವನೋ ಮರುದಿನವೋ ಎಂಬುದು ಮುಂಚೆ ತಿಳಿಯದು. 2025ರಲ್ಲಿ 29 ಉಪವಾಸಕ್ಕೇ ತಿಂಗಳು ಮುಗಿಯಿತು. ಅಂಚೆಯಲ್ಲಿ ಬರುವ ಬಟ್ಟೆ ಹಬ್ಬದ ಮರುದಿನ ಬಂದರೆ ಯಾರಿಗೆ ಬೇಕು? ಆದ್ದರಿಂದ ಜಾಲದ ಅಂಗಡಿ ರಂಜಾನಿನ ಮೊದಲ ಹದಿನೈದು ದಿನಗಳಲ್ಲಿಯೇ ಸೂಟಿನ ಆಟ ಆಡಬೇಕು. ಅನಂತರ ಬೇಗ ತಲುಪಿಸುವುದಕ್ಕೆ ಬೇರೆ ಹಣ. ಕೊನೆಯ ರಾತ್ರಿಗಳು ಬೀದಿಯ ಪಾಲು. ವಡಾಳಾದಿಂದ ಹಾರ್ಬರ್ ಗಾಡಿ ಹತ್ತಿ ಮಸ್ಜಿದ್ ಸ್ಟೇಶನ್ನಿನಲ್ಲಿ ಇಳಿದು ಮೊಹಮದ್ ಅಲಿ ರೋಡಿಗೆ ನಡೆದರೆ, ಚಾಂದ್ ರಾತ್ ದಿನ ಸರಿಹೊತ್ತಿನ ಮೇಲೆ ಮಾಲು ಉಳಿದವನು ಕೂಗಿ ಕೂಗಿ ದರ ಇಳಿಸುವುದನ್ನು ನೋಡಬಹುದು. ಅವನ ಬೆಲೆಯಲ್ಲಿ ಅಡ್ಡಗೆರೆ ಇಲ್ಲ. ಬಟ್ಟೆಯನ್ನು ಬೆರಳಲ್ಲಿ ಹಿಡಿದು ನೂಲು ನೋಡುವ ಅವಕಾಶವೂ ಉಂಟು. ಆದರೆ ಅಳತೆ ತಪ್ಪಿದರೆ ವಾಪಸಿಲ್ಲ. ಜಾಲದ ಅಂಗಡಿಯ ದೊಡ್ಡ ಅನುಕೂಲ ಅದೇ, ಅದನ್ನು ಅಲ್ಲಗಳೆಯುವಂತಿಲ್ಲ. ಹಬ್ಬ ಮುಗಿದ ವಾರದಲ್ಲಿ ಉಳಿದ ಶೇರ್ವಾನಿಯ ದರ ಎರಡೂ ಕಡೆ ಬೀಳುತ್ತದೆ. ಮುಂದೆ ಮದುವೆ ಇದ್ದವರಿಗೆ ಅದೇ ಸಮಯ.

ಕಾನೂನು ಸುಮ್ಮನೆ ಕುಳಿತಿಲ್ಲ. 2020ರ ಇ-ಕಾಮರ್ಸ್ ನಿಯಮಗಳು ಬೆಲೆಯನ್ನು ತಿರುಚಿ ಅನುಚಿತ ಲಾಭ ಮಾಡುವುದನ್ನು ನಿಷೇಧಿಸಿವೆ. 2023ರ ನವೆಂಬರ್ 30ರ ಮಾರ್ಗಸೂಚಿ ಹದಿಮೂರು ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿದೆ. ಎರಡೇ ಉಳಿದಿವೆ, ಐದು ನಿಮಿಷ ಮಾತ್ರ ಎಂಬ ಸುಳ್ಳು ಅವಸರ ಅದರಲ್ಲೊಂದು. ಕೇಳದೆ ಬುಟ್ಟಿಗೆ ವಿಮೆಯನ್ನೋ ದಾನವನ್ನೋ ಸೇರಿಸುವುದು ಇನ್ನೊಂದು. ಮೊದಲು ಕಡಿಮೆ ತೋರಿಸಿ ಕಡೆಗೆ ಹನಿಹನಿಯಾಗಿ ಶುಲ್ಕ ಕೂಡಿಸುವುದು ಮತ್ತೊಂದು. ದೂರು ಕೊಡಲು 1915 ಎಂಬ ಸಂಖ್ಯೆಗೆ ಫೋನು ಮಾಡಬೇಕು, ಖರ್ಚಿಲ್ಲ. ತೆರೆಯ ಚಿತ್ರ ಮತ್ತು ಬಿಲ್ಲು ಇಟ್ಟುಕೊಂಡಿದ್ದರೆ ದೂರಿಗೆ ಬಲ ಬರುವುದು.

ವಾಚನಾಲಯದ ಮೇಜಿನ ಮೇಲೆ ಕೆಂಪು ರಟ್ಟಿನ ಒಂದು ವಹಿ ಇಟ್ಟಿದ್ದೇವೆ. ಕೊಳ್ಳಬೇಕೆಂದಿರುವ ವಸ್ತುವಿನ ದರವನ್ನು, ಅಡ್ಡಗೆರೆಯದಲ್ಲ, ಶುಲ್ಕವೆಲ್ಲ ಸೇರಿ ಕಡೆಗೆ ಕೊಡಬೇಕಾದ ಮೊತ್ತವನ್ನು, ತಾರೀಖು ಸಹಿತ ಅದರಲ್ಲಿ ಬರೆಯಬಹುದು. ಶಾಬಾನ್ ತಿಂಗಳಿನಿಂದಲೇ ಬರೆಯಲು ಆರಂಭಿಸಿದರೆ ರಂಜಾನಿನ ಸೂಟನ್ನು ಹೋಲಿಸಿ ನೋಡಲು ಸಾಕಷ್ಟು ಅಂಕಿ ಸಿಗುತ್ತವೆ. ವಹಿಯನ್ನು ಮನೆಗೆ ಒಯ್ಯಕೂಡದು.